ಬೀಚ್ ಪಕ್ಕದ ಈ ಗೋಲಿಕಾಯಿ ಮರ ಯಾವುದು? ಹೊನ್ನೆನಾ, ಸುರಗಿನಾ?

ಗದಗಿನವ_ವಾಸ್ಕೊ

ನಮಸ್ಕಾರ ಎಲ್ಲರಿಗೂ. ನಾನು ಗದಗಿನವ, ವಾಸ್ಕೊಗೆ ಬಂದು ಆರು ವರ್ಷ ಆಯಿತು. ಬೇವು, ಜಾಲಿ, ಹುಣಸೆ ಬಿಟ್ಟರೆ ನನಗೆ ಮರದ ಗುರುತು ಅಷ್ಟಕ್ಕಷ್ಟೇ. ಹೋದ ಭಾನುವಾರ ಮನೆಯವರನ್ನು ಕರೆದುಕೊಂಡು ಕಾಣಕೋಣದ ಕಡೆ ಹೋಗಿದ್ದೆ. ಮರಳು ಮುಗಿದು ತೆಂಗಿನ ತೋಟ ಶುರುವಾಗುವ ಕಡೆ ಒಂದು ದಪ್ಪ ಮರ, ಕಡಲಿನ ಕಡೆಗೇ ವಾಲಿಕೊಂಡು ನಿಂತಿದೆ. ತೊಗಟೆ ಸೀಳು ಸೀಳು, ಎಲೆ ಮಾತ್ರ ಈಗಷ್ಟೇ ಎಣ್ಣೆ ಸವರಿದ ಹಾಗೆ ಮಿರಮಿರ. ಕೆಳಗೆ ಗೋಲಿಗಿಂತ ದೊಡ್ಡ ದುಂಡು ಕಾಯಿ ರಾಶಿ ಬಿದ್ದಿತ್ತು. ಮಗಳು ಒಂದು ಚೀಲ ತುಂಬಿಕೊಂಡು ಬಂದಳು, ಈಗ ಮನೆ ತುಂಬ ಉರುಳಾಡುತ್ತಿವೆ.

ಅಲ್ಲೇ ಬಲೆ ಹೆಣೆಯುತ್ತಿದ್ದ ಅಜ್ಜ ಒಬ್ಬರು "ಉಂಡಿ" ಅಂದರು. ಕುಮಟಾದ ಗೆಳೆಯನಿಗೆ ಫೋಟೊ ಕಳಿಸಿದರೆ "ಹೊನ್ನೆ ಮಾರಾಯ" ಅಂದ. ಆಫೀಸಿನಲ್ಲಿ ಒಬ್ಬರು ಅದು ಸುರಂಗಿ, ಹೆಂಗಸರು ಮುಡಿಯುತ್ತಾರಲ್ಲ ಅದೇ ಅಂತ ವಾದಕ್ಕೇ ನಿಂತರು. ಯಾವುದು ಸರಿ? ಕಾಯಿ ತಿನ್ನಬಹುದಾ? ಏನಾದರೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಗೋಲಿ ಆಡೋಕಷ್ಟೇನಾ?

ಕಾರವಾರದ_ಅಕ್ಕ

ಮೊದಲು ಮಗಳ ಕೈಯಿಂದ ಆ ಚೀಲ ತೆಗೆದಿಡಿ ತಮ್ಮಾ. ಒಳಗಿನ ತಿರುಳು ವಿಷ, ಬಾಯಿಗೆ ಹಾಕಬಾರದು. ಬಾವಲಿ ಬಂದು ಮೇಲಿನ ತೆಳು ಸಿಪ್ಪೆ ತಿಂದು ಬೀಜ ಎಸೆದು ಹೋಗುತ್ತದೆ, ಅದನ್ನು ನೋಡಿ ನಾವೂ ತಿನ್ನಬಹುದು ಅಂದುಕೊಳ್ಳುವುದು ಬೇಡ.

ಹೆಸರು ಬಿಡಿ, ಎಲೆ ನೋಡಿ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ನಡುವಿನ ದಪ್ಪ ನರದಿಂದ ಅಂಚಿನವರೆಗೂ ಕೂದಲಿನಷ್ಟು ಸಣ್ಣ ಗೆರೆಗಳು, ಒಂದಕ್ಕೊಂದು ತಾಗಿಕೊಂಡು, ಬಾಚಣಿಗೆ ಎಳೆದ ಹಾಗೆ ನೆಟ್ಟಗೆ ಕಂಡರೆ ಅದು ಸುರಹೊನ್ನೆ. ನಿಮ್ಮ ಅಜ್ಜ ಹೇಳಿದ ಉಂಡಿಯೂ ಅದೇ, ಸಂಸ್ಕೃತದ ಪುನ್ನಾಗವೂ ಅದೇ. ಶಾಸ್ತ್ರೀಯ ಹೆಸರು ಕ್ಯಾಲೊಫಿಲಮ್ ಇನೊಫಿಲಮ್. ಕ್ಯಾಲೊಫಿಲಮ್ ಅಂದರೆ ಗ್ರೀಕ್‌ನಲ್ಲಿ ಚೆಂದದ ಎಲೆ ಅಂತಲೇ ಅರ್ಥ. ತೊಟ್ಟು ಮುರಿದರೆ ಅಂಟು ಹಾಲು ಬರುತ್ತದೆ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಸುರಂಗಿ ಅಂದರೆ ನಮ್ಮ ಸುರಗಿ, ಬೇರೆ ಮರ. ಅದರ ಎಲೆಯ ನರ ಬಲೆ ಥರ ಹೆಣೆದುಕೊಂಡಿರುತ್ತದೆ. ಹೂವು ಹಳೇ ಕೊಂಬೆಯ ಮೈಮೇಲೇ ಗುಂಪಾಗಿ ಅಂಟಿಕೊಂಡು ಬರುತ್ತದೆ, ಒಣಗಿದ ಮೇಲೂ ಪೆಟ್ಟಿಗೆ ತುಂಬ ಘಮ. ಹೊನ್ನೆಯ ಹೂವು ಬಿಳಿ, ನಡುವೆ ಹಳದಿ ಕೇಸರದ ಕುಚ್ಚು. ವಾಸನೆ ಅದಕ್ಕೂ ಇದೆ, ನಿಮ್ಮ ಆಫೀಸಿನವರು ಎಡವಿದ್ದು ಅಲ್ಲೇ ಇರಬೇಕು.

ಮಡಗಾಂವ್_ಭಟ್

ಅಕ್ಕ ಹೇಳಿದ್ದು ಸರಿ. ಆದರೆ ಬರೀ "ಹೊನ್ನೆ" ಅಂತ ಕೇಳಿ ನಾನು ಮೋಸ ಹೋಗಿದ್ದೇನೆ, ಅದಕ್ಕೇ ಬರೀತಿದ್ದೇನೆ. ಮನೆ ಹಿಂದೆ ಉಪ್ಪುಗಾಳಿ ತಡೆಯಲು ನಾಲ್ಕು ಹೊನ್ನೆ ಸಸಿ ಬೇಕು ಅಂತ ಊರಿನ ಕಡೆಯ ಒಂದು ನರ್ಸರಿಯಿಂದ ತಂದೆ. ಎರಡು ವರ್ಷ ನೀರು ಹಾಕಿದ ಮೇಲೆ ನೋಡಿದರೆ ಒಂದು ಕಡ್ಡಿಗೆ ಐದಾರು ಎಲೆ! ಅದು ಘಟ್ಟದ ಹೊನ್ನೆ. ಕಡಿದರೆ ಕೆಂಪು ರಸ ಸುರಿಯುತ್ತದಲ್ಲ, ಶುಗರ್ ಇರುವವರು ನೀರಿಟ್ಟು ಕುಡಿಯುವ ಮರದ ಲೋಟ ಮಾಡುತ್ತಾರಲ್ಲ, ಅದು. ಒಳ್ಳೆಯ ಮರವೇ, ಆದರೆ ಕಡಲಂಚಿನದಲ್ಲ. ಅವರ ತಪ್ಪು ಅಂತಲೂ ಹೇಳುವ ಹಾಗಿಲ್ಲ, ಅವರ ಊರಲ್ಲಿ ಹೊನ್ನೆ ಅಂದರೆ ಅದೇ.

ಇನ್ನು ಉಪಯೋಗ. ಹೊನ್ನಾವರದ ನಮ್ಮಜ್ಜಿ ಮನೆಯಲ್ಲಿ ಸೀಮೆಎಣ್ಣೆ ಸಿಗದ ದಿನ ಹೊನ್ನೆಣ್ಣೆ ದೀಪವೇ. ಕಾಯಿ ಒಣಗಿಸಿ, ಕಲ್ಲಿನ ಮೇಲಿಟ್ಟು ಒಡೆದು, ಬಿಳೀ ತಿರುಳು ಬಿಡಿಸಿ ಮತ್ತೆ ಚಾಪೆ ಮೇಲೆ ಹರಡುತ್ತಿದ್ದರು. ಹಸಿ ತಿರುಳಿನಲ್ಲಿ ಎಣ್ಣೆ ಬರುವುದಿಲ್ಲ, ವಾರಗಟ್ಟಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು. ಆಮೇಲೆ ಗಾಣಕ್ಕೆ. ಎಣ್ಣೆ ಪಾಚಿಯಂಥ ಹಸಿರು, ದಪ್ಪ, ಹೊಗೆ ಬೇರೆ. ಆ ಗೋಡೆಗೂಡು ಇನ್ನೂ ಕಪ್ಪಾಗಿಯೇ ಇದೆ, ಎಷ್ಟು ಸುಣ್ಣ ಬಳಿದರೂ ಮೇಲೆ ಬರುತ್ತದೆ. ಉಳಿದ ಎಣ್ಣೆ ಅಜ್ಜನ ಮೊಣಕಾಲಿಗೆ, ಎತ್ತಿನ ಗಾಯಕ್ಕೆ. ಮೀನುಗಾರರು ಮರದ ದೋಣಿ ಕೊಳೆಯದಿರಲಿ ಅಂತ ಹಚ್ಚುತ್ತಿದ್ದರು. ದೋಣಿಯ ಹಲಗೆಗೂ ಈ ಮರವೇ ಆಗುತ್ತಿತ್ತು.

ಠಾಣೆಯಿಂದ_ಒಬ್ಬ

ಇದೇ ಎಣ್ಣೆ ಈಗ "ತಮನು" ಅನ್ನುವ ಹೆಸರಲ್ಲಿ ಮುಖಕ್ಕೆ ಹಚ್ಚಲು ಬೆರಳುದ್ದದ ಬಾಟಲಿಯಲ್ಲಿ ಬರುತ್ತದೆ, ಗೊತ್ತಾ? ನನ್ನ ಹೆಂಡತಿ ಆನ್‌ಲೈನಲ್ಲಿ ತರಿಸಿದ್ದಳು. ಮುಚ್ಚಳ ತೆಗೆದ ಕೂಡಲೇ ಅಮ್ಮ "ಇದು ಹೊನ್ನೆಣ್ಣೆ ಅಲ್ವೇನೇ, ಇದಕ್ಕೆ ಇಷ್ಟು ದುಡ್ಡಾ" ಅಂದರು. ಒಂದು ಮಾತು: ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ನನಗೆ ತೋಳಿನ ಮೇಲೆ ತುರಿಕೆ ಎದ್ದಿತು. ಹಚ್ಚುವುದಿದ್ದರೆ ಮೊದಲು ಒಂದು ಹನಿ ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಅಡುಗೆಗಂತೂ ಮುಟ್ಟಲೇಬೇಡಿ.

ಗದಗಿನವ_ವಾಸ್ಕೊ

ಎಲ್ಲರಿಗೂ ಥ್ಯಾಂಕ್ಸ್. ಚೀಲದ ತಳದಲ್ಲಿ ಎರಡು ಎಲೆ ಸಿಕ್ಕಿದವು, ಬಾಲ್ಕನಿಯಲ್ಲಿ ಬಿಸಿಲಿಗೆ ಹಿಡಿದೆ. ಅಕ್ಕ ಹೇಳಿದ ಬಾಚಣಿಗೆ ಗೆರೆ ಪಕ್ಕಾ ಇದೆ. ಮಗಳು ಕಾಯಿ ಬಕೆಟ್ ನೀರಿಗೆ ಹಾಕಿದಳು, ಎಲ್ಲವೂ ತೇಲಿದವು. ಕಾಯಿ ತಿರುಗಿ ತೊಗೊಂಡ ಮೇಲೆ ಅಳು ಶುರು. ಎರಡು ಕುಂಡದಲ್ಲಿ ಹಾಕೋಣ ಅಂತ ರಾಜಿ ಆಗಿದೆ. ಹಾಗೇ ಹುಗಿದರೆ ಮೊಳಕೆ ಬರುತ್ತಾ?

ಮಡಗಾಂವ್_ಭಟ್

ತೇಲದೆ ಇನ್ನೇನು ಸರ್, ಕಡಲಲ್ಲಿ ತೇಲಿಕೊಂಡೇ ಊರೂರು ಸುತ್ತುವ ಬೀಜ ಅದು. ಹಾಗೇ ಹುಗಿದರೂ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಗಟ್ಟಿ ಚಿಪ್ಪು ಬಿರುಕು ಬಿಡುವಷ್ಟು ಒಡೆದು ಹಾಕಿ, ಬೇಗ ಬರುತ್ತದೆ. ಸುತ್ತಿಗೆಯಿಂದ ಹೊಡೆದರೆ ತಿರುಳೂ ಪುಡಿ. ಬಾಗಿಲ ಸಂದಿಯಲ್ಲಿಟ್ಟು ನಿಧಾನ ಒತ್ತಿ, ಟಕ್ ಅಂದ ಕೂಡಲೇ ಬಿಡಿ. ಮಗಳ ಬೆರಳು ಮಾತ್ರ ದೂರ ಇರಲಿ. ಮತ್ತೆ ಕುಂಡದಲ್ಲಿ ಒಂದೆರಡು ವರ್ಷ ಅಷ್ಟೇ, ಆಮೇಲೆ ಜಾಗ ಹುಡುಕಬೇಕಾಗುತ್ತದೆ, ಈಗಲೇ ಹೇಳಿದ್ದೇನೆ.