ಪಿ10 ಎಲ್‌ಇಡಿ ಬೋರ್ಡಿನಲ್ಲಿ ಕನ್ನಡ ಒತ್ತಕ್ಷರ ಒಡೆದು ಬರುತ್ತಿದೆ [ಪರಿಹಾರ ಸಿಕ್ಕಿದೆ]

ಬೆಸುಗೆಪ್ರಿಯ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯಕ್ಕೆ ಹಳೇ ಬಸ್ ಬೋರ್ಡಿನಂಥ ಚುಕ್ಕಿ ಅಕ್ಷರದ ಫಲಕ ಮಾಡುತ್ತಿದ್ದೇನೆ. ಆರ್ಡುಯಿನೊ ಯುನೊ (ಪ್ರೋಗ್ರಾಂ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್), ಒಂದು ಕೆಂಪು ಪಿ10 ಪ್ಯಾನೆಲ್ (ಅಡ್ಡ 32, ಎತ್ತರ 16 ಎಲ್‌ಇಡಿ). ಇಂಗ್ಲಿಷಿನ 5×7 ಫಾಂಟ್ ಚೆನ್ನಾಗಿ ಓಡುತ್ತದೆ. ಕನ್ನಡ ಫಾಂಟನ್ನೂ ಹಾಗೇ ಕನ್ವರ್ಟ್ ಮಾಡಿ ಹಾಕಿದರೆ ‘ಗ್ರಂಥಾಲಯ’ ಒಡೆದು ಹೋಗುತ್ತದೆ: ಗ, ಪಕ್ಕದಲ್ಲಿ ಬಿಡಿಯಾಗಿ ಅರ್ಧಾಕ್ಷರದ ಗುರುತು, ಆಮೇಲೆ ಪೂರ್ತಿ ರ. ಫಾಂಟ್ ಕೆಟ್ಟಿದೆಯಾ?

ಚುಕ್ಕಿಚಿತ್ತಾರ:
ಫಾಂಟ್ ಸರಿಯಾಗೇ ಇದೆ ಸರ್. ಯುನಿಕೋಡ್‌ನಲ್ಲಿ ‘ಗ್ರ’ ಅಂದರೆ ಮೂರು ಕೋಡ್: ಗ, ವಿರಾಮ (ನೀವು ಹೇಳಿದ ಅರ್ಧಾಕ್ಷರದ ಗುರುತು), ರ. ಅವನ್ನು ಒಂದೇ ಆಕಾರವಾಗಿ ಕೂಡಿಸುವುದು ಹಾರ್ಫ್‌ಬಜ್‌ನಂಥ ಶೇಪಿಂಗ್ ಎಂಜಿನ್. ನಿಮ್ಮ ಬೋರ್ಡ್ ಓಡಿಸುವ ಲೈಬ್ರರಿಗೆ (ಸಿದ್ಧ ಕೋಡಿನ ಕಂತೆ) ಅದು ಗೊತ್ತಿಲ್ಲ, ಒಂದು ಕೋಡಿಗೆ ಒಂದು ಚಿತ್ರ ಹಾಕಿ ಮುಂದೆ ಹೋಗುತ್ತದೆ. ಯುನೊದ 2 ಕೆಬಿ ರ‍್ಯಾಮ್‌ನಲ್ಲಿ ಆ ಎಂಜಿನ್ ಕೂರಿಸುವ ಯೋಚನೆ ಬಿಡಿ.

ಸಾಲನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿಕೊಳ್ಳಿ. ಪೈಥಾನ್‌ನ ಪಿಲ್ಲೋದಲ್ಲಿ (ಚಿತ್ರ ಮಾಡುವ ಲೈಬ್ರರಿ) ರಾಕ್ಮ್ ಲೇಔಟ್ (ಅಕ್ಷರ ಕೂಡಿಸುವ ಸೌಲಭ್ಯ) ಇದ್ದರೆ ಒತ್ತು, ದೀರ್ಘ ಎಲ್ಲ ತಂತಮ್ಮ ಜಾಗಕ್ಕೆ ಬರುತ್ತವೆ. ಚಿತ್ರ 1-ಬಿಟ್ ಇರಲಿ, ಅಂದರೆ ಪ್ರತಿ ಚುಕ್ಕಿ ಉರಿಯಬೇಕು ಇಲ್ಲವೇ ಆರಿರಬೇಕು. ಬೂದು ಅಂಚು ಬಂದರೆ ಈ ಪ್ಯಾನೆಲ್ಲಿನಲ್ಲಿ ಅಕ್ಷರ ಗಲೀಜಾಗುತ್ತದೆ. 200 ಕಾಲಮ್ ಉದ್ದ, 32 ಸಾಲು ಎತ್ತರದ ಸಂದೇಶಕ್ಕೆ ಬೇಕಾಗುವುದು 800 ಬೈಟ್. ಅದನ್ನು ಬೋರ್ಡಿನ ಶಾಶ್ವತ ಮೆಮೊರಿಯಾದ ಫ್ಲ್ಯಾಶ್‌ನಲ್ಲಿಟ್ಟು ಸ್ಕ್ರೋಲ್ ಮಾಡಿ.

32 ಯಾಕೆ ಅಂದೆ ಅಂದರೆ, 16 ಸಾಲಿನಲ್ಲಿ ಕನ್ನಡಕ್ಕೆ ಉಸಿರುಗಟ್ಟುತ್ತದೆ. ಕೆಳಗೆ ಒತ್ತಿಗೆ ಐದು, ನಡುವೆ ಬಿಡುವು ಒಂದು, ಮೇಲೆ ಗುಡಿಸಿಗೆ ಒಂದು ಸಾಲು ಕೊಟ್ಟರೆ ಮೂಲಾಕ್ಷರಕ್ಕೆ ಉಳಿಯುವುದು ಒಂಬತ್ತೇ. ‘ಸ್ತ್ರೀ’ ಬರೆದು ನೋಡಿ, ಎರಡು ಒತ್ತು ಎಲ್ಲಿಡುತ್ತೀರಿ? ಇನ್ನೊಂದು ಪ್ಯಾನೆಲ್ ಕೆಳಗೆ ಜೋಡಿಸಿ, ಪ್ಯಾನೆಲ್ ಓಡಿಸುವ ಡಿಎಂಡಿ ಲೈಬ್ರರಿಯಲ್ಲಿ ಕೆಳಮುಖ ಪ್ಯಾನೆಲ್ ಸಂಖ್ಯೆ 2 ಕೊಡಿ.

ಮಲೆನಾಡಿಗ:
ನೋಟೊ ಸಾನ್ಸ್ ಕನ್ನಡ ಫಾಂಟನ್ನೇ 16 ಸಾಲಿಗೆ ಇಳಿಸಿದರೆ ಆಗಲ್ವಾ?

ಚುಕ್ಕಿಚಿತ್ತಾರ:
ಓದಲಾಗದು. ಠ ನೋಡಿ: ಒಳಗಿನ ಚುಕ್ಕಿ ರೇಖೆಗೆ ಅಂಟದೆ ನಿಲ್ಲಬೇಕಾದರೆ ಸುತ್ತ ಒಂದೊಂದು ಎಲ್‌ಇಡಿ ಆರಿರಬೇಕು, ಅಂದರೆ ಒಳಗೇ 3×3 ಜಾಗ. ಅಷ್ಟಿಲ್ಲದಿದ್ದರೆ ಠ ಹೋಗಿ ಕೆಂಪು ಮುದ್ದೆಯಾಗುತ್ತದೆ, ಚುಕ್ಕಿ ತೆಗೆದರೆ ರ ಆಗುತ್ತದೆ. ಪ-ಫ, ದ-ಧಗಳ ಹೊಟ್ಟೆಸೀಳೂ ಹೀಗೇ. ನೋಟೊ ಹರಿಯುವ ರೇಖೆಗೆ ಮಾಡಿದ ಫಾಂಟ್, ಎಲ್ಲಿ ಚುಕ್ಕಿ ಬಿಡಬೇಕು ಎಂಬುದು ಅದಕ್ಕೆ ತಿಳಿಯದು. ಸಣ್ಣ ಅಳತೆಗೆ ಚೌಕಳಿ ಹಾಳೆಯಲ್ಲಿ ಅಕ್ಷರ ಅಕ್ಷರ ಕೈಯಲ್ಲೇ ಕೂರಿಸಬೇಕು. ಶ್ರಮ ಇದೆ, ಆದರೆ ಆಗ ಬರುವ ದುಂಡನೆಯ ಚುಕ್ಕಿ ಕನ್ನಡದ ಚೆಲುವೇ ಬೇರೆ.

ಬೆಸುಗೆಪ್ರಿಯ:
ಎರಡು ಪ್ಯಾನೆಲ್ ಜೋಡಿಸಿದೆ, ಚಿತ್ರ ಮಾಡಿ ಕಳಿಸಿದೆ. ‘ಗ್ರಂಥಾಲಯ’ ನೆಟ್ಟಗೆ ಬಂತು! ಆದರೆ ಬೆಳಕು ಪೂರ್ತಿ ಇಟ್ಟಾಗ ಚುಕ್ಕಿಗಳು ಒಂದಕ್ಕೊಂದು ಸೇರಿದ ಹಾಗೆ ಕಾಣುತ್ತವೆ.

ಚುಕ್ಕಿಚಿತ್ತಾರ:
ರಾತ್ರಿ ಹೊತ್ತು ಬೆಳಕು ಇಳಿಸಿ. ಎಲ್‌ಇಡಿಗಳ ನಡುವೆ 10 ಮಿ.ಮೀ. ಅಂತರ ಇದೆ, ಹಾಗಾಗಿ ಬೋರ್ಡಿಗೆ ಮೂಗು ತಾಗಿಸಿ ಪರೀಕ್ಷಿಸಬೇಡಿ. ಓದುವವರು ನಿಲ್ಲುವ ರಸ್ತೆಯಾಚೆಯಿಂದ ನೋಡಿ ಬೆಳಕು ಹೊಂದಿಸಿ.