ಸಹಾಯ ಬೇಕು: ಜಲವರ್ಣದಲ್ಲಿ ಆಕಾಶ ಸಮವಾಗಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಜಲವರ್ಣ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ಬೋರ್ಡನ್ನು ಸ್ವಲ್ಪ ಓರೆಯಾಗಿಟ್ಟು, ದಪ್ಪ ಬ್ರಷ್‌ನಲ್ಲಿ ಮೇಲಿನಿಂದ ಅಡ್ಡಡ್ಡ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಪದರ) ಎಳೆಯುತ್ತಾ ಬರುತ್ತೇನೆ. ಪ್ರತಿ ಗೆರೆಯ ಕೆಳಗೆ ನಿಂತ ಬಣ್ಣದ ನೀರನ್ನು ಮುಂದಿನ ಗೆರೆ ಎಳೆದುಕೊಂಡು ಹೋಗಬೇಕು, ಅಲ್ವಾ? ಅರ್ಧದವರೆಗೆ ಚೆನ್ನಾಗಿಯೇ ಬರುತ್ತದೆ. ಆಮೇಲೆ ಎಲ್ಲೋ ಒಂದು ಜಾಗ ಪೇಲವವಾಗಿ ಕಾಣುತ್ತದೆ. ಅಲ್ಲಿಗೆ ಮತ್ತೆ ಒದ್ದೆ ಬ್ರಷ್ ಮುಟ್ಟಿಸುತ್ತೇನೆ. ಮುಗಿಯಿತು! ಆ ನೀರು ಒಣಗುತ್ತಿರುವ ಬಣ್ಣವನ್ನು ಸುತ್ತಲೂ ತಳ್ಳಿ, ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಒಣಗಿದ ಮೇಲೆ ಎಷ್ಟು ಒರೆಸಿದರೂ ಪೂರ್ತಿ ಹೋಗುವುದಿಲ್ಲ.

ಕಾಗದ ಹೊಳೆಯುತ್ತಿದ್ದರೆ ಬಣ್ಣ ಮೆತ್ತಗೆ ಹರಡುತ್ತದೆ. ಹೊಳಪು ಹೋಗಿ ಇನ್ನೂ ತೇವ ಇರುವಾಗ ಸುಮ್ನೆ ಬಿಟ್ಟುಬಿಡಬೇಕು. ಇಷ್ಟು ಗೊತ್ತು, ಆದರೆ ಕೈಗೆ ಇನ್ನೂ ಬಂದಿಲ್ಲ. ನೀವು ಇದನ್ನು ಹೇಗೆ ಅಭ್ಯಾಸ ಮಾಡಿದಿರಿ?

ಇನ್ನೊಂದು ವಿಷಯ. ನನ್ನದು 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದ. ನೀರು ಜಾಸ್ತಿ ಆದ ಕೂಡಲೇ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ನಾಲ್ಕೂ ಅಂಚಿಗೆ ಟೇಪ್ ಹಚ್ಚಿದರೂ ಅದೇ ಕಥೆ. 300 ಜಿಎಸ್‌ಎಂ ಹತ್ತಿ ಕಾಗದ ಈಗಲೇ ತೆಗೆದುಕೊಳ್ಳಲಾ, ಇಲ್ಲಾ ಇದರಲ್ಲೇ ಕೈ ಪಳಗಿಸಿಕೊಂಡು ಆಮೇಲೆ ನೋಡಲಾ? ಬ್ರಷ್ ಬಗ್ಗೆ ಚಿಂತೆಯಿಲ್ಲ, 10ನೇ ನಂಬರಿನ ದುಂಡು ಬ್ರಷ್ ಇದೆ, ಮೊನೆ ಚೆನ್ನಾಗಿ ಕೂರುತ್ತದೆ.

ನಿಮ್ಮ ಮೊದಮೊದಲ ವಾಶ್‌ಗಳ ಫೋಟೋ ಇದ್ದರೆ ದಯವಿಟ್ಟು ಹಾಕಿ. ಕೆಟ್ಟುಹೋದವೂ ಇರಲಿ, ಅವನ್ನು ನೋಡಿದರೆ ನನಗೆ ಹೆಚ್ಚು ಉಪಯೋಗ.