ರೊಟ್ಟಿ ಘಟಕ ಹಾಕಲೇ? ಒಕ್ಕೂಟದ ಮಾತು ಕೇಳಿ ದುಡಿಮೆಗೆ ಇಳಿದವರು ಹೇಳಿ

ಗದಗಿನ ಸೊಸೆ: ಗಂಡ ಇಲ್ಲ, ಇಬ್ಬರು ಮಕ್ಕಳು. ವಿಧವಾ ವೇತನ, ಗೃಹಲಕ್ಷ್ಮಿ 2,000, ರೇಷನ್ ಅಕ್ಕಿ, ಇಷ್ಟರಲ್ಲೇ ಮನೆ ನಡೀತಿದೆ. ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಲೆಕ್ಕಪತ್ರ ನೋಡುವ ಎಂಬಿಕೆ ಮೇಡಂ ನಾಲ್ಕು ಸಲ ಬಂದು ಕೂತು ಲೆಕ್ಕ ಬರೆಸಿದರು. ರೊಟ್ಟಿ ಘಟಕ ಹಾಕು, ಸಾಲ ಕೊಡಿಸ್ತೀವಿ ಅನ್ನುತ್ತಾರೆ. ಇಳಿಯಲೇ?

ಚಟ್ನಿಪುಡಿ ಅಕ್ಕ: ನನಗೂ ಹೀಗೇ ಒಬ್ಬರು ಬುದ್ಧಿ ಹೇಳಿದರು. ‘ಬಿಸಿನೆಸ್ ಅಂದಮೇಲೆ ಜಿಎಸ್‌ಟಿ ನಂಬರ್ ಇರಲಿ’ ಅಂತ ಮಾಡಿಸಿಯೇಬಿಟ್ಟರು. ನನ್ನ ವ್ಯಾಪಾರ ತಿಂಗಳಿಗೆ 14 ಸಾವಿರ! ಊರೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಅದು ಬೇಕಾಗಿಯೇ ಇಲ್ಲ. ನಂಬರ್ ಇದ್ದಮೇಲೆ ಜಿಎಸ್‌ಟಿ ರಿಟರ್ನ್ (ತೆರಿಗೆ ಲೆಕ್ಕ) ಹಾಕುವವರು ಅಂತ ಗೃಹಲಕ್ಷ್ಮಿ ನಿಂತಿತು. ಸೊನ್ನೆ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ. ನಂಬರ್ ರದ್ದು ಮಾಡಿಸಲು ನನಗೆ 2,500 ಖರ್ಚಾಯಿತು. ಓಡಾಟದ ಬಸ್ಸು ಮಾತ್ರ ಫ್ರೀ, ಪುಣ್ಯ.

ದಾವಣಗೆರೆ ಟೈಲರ್: ನಾನು ಉಜಿರೆಯ ರುಡ್‌ಸೆಟ್‌ನಲ್ಲಿ (ಸ್ವಉದ್ಯೋಗ ತರಬೇತಿ ಸಂಸ್ಥೆ) ಹೊಲಿಗೆ ಕಲಿತೆ. ಊಟ, ವಸತಿ ಎಲ್ಲ ಉಚಿತ. ಸಣ್ಣ ಉದ್ಯಮಕ್ಕೆ ಕೊಡುವ ಮುದ್ರಾ ಶಿಶು ಸಾಲ 50 ಸಾವಿರ ತಗೊಂಡೆ. ಮೊದಲ ವರ್ಷ 140 ಜೊತೆ ಯೂನಿಫಾರಂ ಹೊಲಿದೆ. ಜೂನ್‌ನಲ್ಲಿ ಕೊಟ್ಟದ್ದಕ್ಕೆ ದುಡ್ಡು ಬಂದಿದ್ದು ದೀಪಾವಳಿಗೆ. ನಡುವೆ ಮೋಟರ್ ಎರಡು ಸಲ ಸುಟ್ಟಿತು, 1,800 ಮತ್ತು 2,100. ಕಂತಿಗೆ ಓಲೆ ಅಡವಿಟ್ಟೆ. ಆದರೂ ಯಾರ ಮುಂದೆಯೂ ಕೈ ಚಾಚಲಿಲ್ಲ.

ಚಟ್ನಿಪುಡಿ ಅಕ್ಕ: ಕೈ ಚಾಚೋದು ಅಂದ್ರೆ ಏನಮ್ಮ? ನಿನ್ನ ಉಚಿತ ಊಟ, ವಸತಿ ಏನು ಹಾಗಾದ್ರೆ?

ದಾವಣಗೆರೆ ಟೈಲರ್: ಅದು ತರಬೇತಿ. ಎರಡೂ ಒಂದೇ ಅಲ್ವಾ ಅನ್ನಬೇಡಿ.

ಬಾಗಲಕೋಟೆ ರೊಟ್ಟಿ: ಜಗಳ ಸಾಕು. ಮಷಿನ್ ಮಾತ್ರ ತಗೋಬೇಡಿ ತಂಗಿ. ನಾನು ತಗೊಂಡು ಕೆಟ್ಟೆ. ಅಂಚು ಒಡೆದು ನೂರಕ್ಕೆ ಇಪ್ಪತ್ತು ರೊಟ್ಟಿ ಎಮ್ಮೆಗೆ ಹೋಗುತ್ತಿತ್ತು. ಈಗ ನಾಲ್ವರು ಕೂತು ಕೈಯಲ್ಲೇ ಬಡಿಯುತ್ತೇವೆ.

ಧಾರವಾಡ ಮಷಿನ್: ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದದಿದ್ದರೆ ಒಡೆಯದೇ ಇನ್ನೇನು? ಮಷಿನ್ನಿಗೆ ಯಾಕೆ ಬೈತೀರಿ?

ಬಾಗಲಕೋಟೆ ರೊಟ್ಟಿ: ಮೂವತ್ತು ವರ್ಷದಿಂದ ನಾದಿದ ಕೈ ಇದು. ನನಗೆ ಕಲಿಸ್ತೀಯಾ?

ಗದಗಿನ ಸೊಸೆ: ಚಟ್ನಿಪುಡಿ ಅಕ್ಕ, ನಂಬರ್ ರದ್ದಾದ ಮೇಲೆ 2,000 ಮತ್ತೆ ಬಂತಾ?

ಚಟ್ನಿಪುಡಿ ಅಕ್ಕ: ಅರ್ಜಿ ಕೊಟ್ಟು ಏಳು ತಿಂಗಳಾಯಿತು. ನಾಳೆ ಮತ್ತೆ ಹೋಗಬೇಕು.

ಧಾರವಾಡ ಮಷಿನ್: ಕೈರೊಟ್ಟಿ ಎಷ್ಟಕ್ಕೆ ಮಾರ್ತೀರಿ, ಅದನ್ನ ಹೇಳಿ ಮೊದಲು.